ಖಾಸಗಿ ಶಾಲೆಯ ಕೆಲಸಕ್ಕೆ ಸೇರುವ ಮುನ್ನ: ಸಂಬಳದ ಲೆಕ್ಕ, ನೇಮಕಾತಿ ಪತ್ರ, ಪಿಎಫ್ ಮತ್ತು ಬಿಟ್ಟು ಹೊರಡುವ ದಾರಿ

ಕರ್ನಾಟಕದ ಅನುದಾನರಹಿತ ಶಾಲೆಗಳಲ್ಲಿ ಶಿಕ್ಷಕರ ನೇಮಕ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಫೆಬ್ರುವರಿಯಿಂದ ಮೇವರೆಗೆ ಸಂದರ್ಶನ, ಹತ್ತು ಹದಿನೈದು ನಿಮಿಷದ ಡೆಮೊ ಕ್ಲಾಸು, ಆಮೇಲೆ ಆಫೀಸ್ ಕೋಣೆಯಲ್ಲಿ ಎರಡು ಮಾತು: "ಇಷ್ಟು ಕೊಡ್ತೀವಿ ಮಿಸ್, ಶಾಲೆ ಶುರುವಾಗೋ ದಿನ ಬಂದ್ಬಿಡಿ." ಸಂಬಳ ಎಷ್ಟು ಎಂದು ಕೇಳುವುದಕ್ಕೇ ಸಂಕೋಚಪಡುವ ವೃತ್ತಿ ಇದು. ಹಾಗಾಗಿ ಬೇಸಿಕ್ (ಮೂಲ ವೇತನ) ಎಷ್ಟು, ರಜೆ ತಿಂಗಳ ಸಂಬಳ ಉಂಟೋ ಇಲ್ಲವೋ, ಪಿಎಫ್ (ಭವಿಷ್ಯ ನಿಧಿ) ಯಾವ ಮೊತ್ತದ ಮೇಲೆ ಎಂದು ಯಾರೂ ಕೇಳುವುದಿಲ್ಲ, ಯಾರೂ ಬರೆದುಕೊಡುವುದೂ ಇಲ್ಲ. ಮುಂದಿನ ಹತ್ತು ವರ್ಷದ ತಕರಾರೆಲ್ಲ ಆ ಐದು ನಿಮಿಷದಲ್ಲಿ ಹುಟ್ಟುತ್ತದೆ. ಪಾಠ ಹೇಳುವುದು ಸೇವೆ ಹೌದು, ಆದರೆ ಸೇವೆಗೂ ಲೆಕ್ಕ ಇರಬೇಕು, ಆ ಲೆಕ್ಕ ಕಾಗದದ ಮೇಲಿರಬೇಕು. ಅದನ್ನು ಕೇಳಿ ಪಡೆಯುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದೆ.

ಮೊದಲು ನಿಮ್ಮ ಕಾಗದ ಸರಿ ಇರಲಿ

ಚೌಕಾಸಿಗೆ ಕೂರುವ ಮುನ್ನ ಅರ್ಹತೆಯಲ್ಲಿ ಕೊರತೆ ಇಲ್ಲ ಎಂದು ಖಚಿತಪಡಿಸಿಕೊಳ್ಳಿ. ಕೊರತೆ ಇದ್ದರೆ ಶಾಲೆ ಅದನ್ನೇ ಹಿಡಿದು ಸಂಬಳ ಇಳಿಸುತ್ತದೆ. 1ರಿಂದ 5ನೇ ತರಗತಿಗೆ ಡಿ.ಎಲ್.ಎಡ್ (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು, ಆ ತರಗತಿಗಳಿಗೆ ಬಿ.ಎಡ್ ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. 6ರಿಂದ 8ಕ್ಕೆ ಪದವಿಯ ಜೊತೆ ಬಿ.ಎಡ್ ನಡೆಯುತ್ತದೆ. 1ರಿಂದ 8ರವರೆಗೆ ಎಲ್ಲರಿಗೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬೇಕು: 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. ಪ್ರಮಾಣಪತ್ರಕ್ಕೆ ಈಗ ಜೀವನಪೂರ್ತಿ ಮಾನ್ಯತೆ ಇದೆ, ಹಳೆಯದು ಎಂದು ಎಸೆಯಬೇಡಿ.

ಈಗಾಗಲೇ ಕೆಲಸದಲ್ಲಿರುವವರು 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪನ್ನು ಗಮನಿಸಬೇಕು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು ಎಂದು ಅದು ಹೇಳಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ಮಾತ್ರ ದೊಡ್ಡ ಪೀಠಕ್ಕೆ ಬಿಟ್ಟಿತು. "ಖಾಸಗಿಗೆ ಟಿಇಟಿ ಬೇಡ" ಎಂಬ ಸ್ಟಾಫ್ ರೂಮಿನ ಮಾತನ್ನು ನಂಬಿ ಕೂರಬೇಡಿ.

ಸಂದರ್ಶನದಲ್ಲಿ ಕೆಲಸದ ಅಳತೆ ಕೇಳಿ

ಡೆಮೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪರಿಕಲ್ಪನೆ ತೆಗೆದುಕೊಳ್ಳಿ, ಬೋರ್ಡನ್ನು ಎಡದಿಂದ ಬಲಕ್ಕೆ ಕ್ರಮವಾಗಿ ಬಳಸಿ, ಕನಿಷ್ಠ ಮೂವರನ್ನು ಪ್ರಶ್ನೆ ಕೇಳಿ, ಕೊಟ್ಟ ಸಮಯದೊಳಗೆ ಮುಗಿಸಿ. ಡೆಮೊ ಕೆಡುವುದು ಸಾಮಾನ್ಯವಾಗಿ ಇಡೀ ಪಾಠವನ್ನು ಹದಿನೈದು ನಿಮಿಷಕ್ಕೆ ತುರುಕಲು ಹೋದಾಗ.

ಡೆಮೊ ಮುಗಿದ ಮೇಲೆ ಅವರು "ನಿಮ್ಮ ನಿರೀಕ್ಷೆ ಎಷ್ಟು?" ಎಂದು ಕೇಳುತ್ತಾರೆ. ಅಲ್ಲಿ ತಕ್ಷಣ ಅಂಕಿ ಹೇಳಬೇಡಿ. "ಸರ್, ಕೆಲಸದ ವಿವರ ತಿಳಿದರೆ ಹೇಳೋಕೆ ಸುಲಭ ಆಗುತ್ತೆ" ಎಂದು ಇವನ್ನು ಕೇಳಿ: ವಾರಕ್ಕೆ ಎಷ್ಟು ಪೀರಿಯಡ್, ಒಂದು ಪೀರಿಯಡ್ ಎಷ್ಟು ನಿಮಿಷ, ಎಷ್ಟು ಸೆಕ್ಷನ್, ಸೆಕ್ಷನ್‌ಗೆ ಎಷ್ಟು ಮಕ್ಕಳು, ಕ್ಲಾಸ್ ಟೀಚರ್ ಜವಾಬ್ದಾರಿ ಇದೆಯೇ, ರಜೆ ಹಾಕಿದವರ ಕ್ಲಾಸು ಯಾರು ತೆಗೆದುಕೊಳ್ಳಬೇಕು, ಬಸ್ ಡ್ಯೂಟಿ, ಶನಿವಾರ, ಏಪ್ರಿಲ್–ಮೇನಲ್ಲಿ ಅಡ್ಮಿಷನ್ ಕ್ಯಾನ್ವಾಸ್‌ಗೆ ಮನೆಮನೆ ಹೋಗಬೇಕೇ. ಕೊನೆಯದನ್ನು ಕೇಳಲೇಬೇಕು. "ಒಬ್ಬೊಬ್ಬರು ಹತ್ತು ಅಡ್ಮಿಷನ್ ತರಬೇಕು" ಎಂಬ ಗುರಿ ಸೇರಿದ ಮೇಲೆ ಗೊತ್ತಾದರೆ ಬೇಸಿಗೆ ರಜೆ ಎಂಬುದೇ ಉಳಿಯುವುದಿಲ್ಲ.

ಈ ಉತ್ತರಗಳಿಂದ ನಿಜವಾದ ಗಂಟೆ ಲೆಕ್ಕ ಹಾಕಬಹುದು. ಉದಾಹರಣೆಗೆ ವಾರಕ್ಕೆ 36 ಪೀರಿಯಡ್, ತಲಾ 40 ನಿಮಿಷ: ಪಾಠವೇ 24 ಗಂಟೆ. ಐದು ಸೆಕ್ಷನ್, ತಲಾ 45 ಮಕ್ಕಳು, ಅಂದರೆ 225 ನೋಟ್‌ಬುಕ್. ವಾರಕ್ಕೊಮ್ಮೆ ತಿದ್ದಿದರೆ, ಒಂದಕ್ಕೆ ಬರೀ ಎರಡು ನಿಮಿಷ ಇಟ್ಟುಕೊಂಡರೂ 450 ನಿಮಿಷ, ಏಳೂವರೆ ಗಂಟೆ. ಈ ಎರಡೇ 31.5 ಗಂಟೆ. ಪಾಠ ಯೋಜನೆ, ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪೋಷಕರ ಸಭೆ ಇನ್ನೂ ಸೇರಿಲ್ಲ. ಟೈಮ್ ಟೇಬಲ್‌ನಲ್ಲಿ ದಿನಕ್ಕೆ ಎರಡು ಖಾಲಿ ಪೀರಿಯಡ್ ಕಾಣುತ್ತದಲ್ಲ, ಅದರಲ್ಲಿ ಒಂದು ಸಬ್‌ಸ್ಟಿಟ್ಯೂಷನ್‌ಗೆ ಹೋಯಿತು ಎಂದೇ ಇಟ್ಟುಕೊಳ್ಳಿ. ತಿದ್ದುವ ಕೆಲಸ ಮನೆಗೆ ಬರುವುದು ಹೀಗೆ.

ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರ ಕೆಲಸ ವಾರಕ್ಕೆ 45 ಗಂಟೆ ಎಂದಿದೆ. ಇದನ್ನು ಎರಡೂ ಕಡೆಯವರು ತಪ್ಪಾಗಿ ಹೇಳುತ್ತಾರೆ. ಅದು ಗರಿಷ್ಠ ಮಿತಿಯಲ್ಲ, ಕನಿಷ್ಠ. ಆದರೆ ಅದೇ ಸಾಲಿನಲ್ಲಿ "ತಯಾರಿಯ ಸಮಯವೂ ಸೇರಿ" ಎಂದಿದೆ. ತಯಾರಿಯೂ ಕೆಲಸವೇ ಎಂದು ಹೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಡ. ಅದೇ ಅನುಸೂಚಿ 1–5ಕ್ಕೆ ವರ್ಷಕ್ಕೆ 200 ದಿನ, 6–8ಕ್ಕೆ 220 ದಿನ ಶಾಲೆ ನಡೆಯಬೇಕು ಎನ್ನುತ್ತದೆ.

ಇನ್ನೊಂದು ಮಾತು ಸಂದರ್ಶನದಲ್ಲಿ ತಪ್ಪದೆ ಬರುತ್ತದೆ: "ಸಂಬಳ ಸ್ವಲ್ಪ ಕಡಿಮೆ, ಆದರೆ ಸಂಜೆ ಟ್ಯೂಷನ್ ಮಾಡ್ಕೋಬಹುದು." ಆರ್‌ಟಿಇ ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸಬಾರದು ಎನ್ನುತ್ತದೆ. ಕಾಯ್ದೆ ಒಪ್ಪದ ಆದಾಯವನ್ನು ತೋರಿಸಿ ಒಪ್ಪಬೇಕಾದ ಸಂಬಳ ಇಳಿಸುವುದನ್ನು ಒಪ್ಪಿಕೊಳ್ಳಬೇಡಿ.

"ತಿಂಗಳಿಗೆ 25 ಸಾವಿರ" ಎಂದರೆ ಕೈಗೆಷ್ಟು?

ಮೂರು ಅಂಕಿಗಳನ್ನು ಬೇರೆಬೇರೆಯಾಗಿ ಕೇಳಿ: ಸಿಟಿಸಿ (ನಿಮಗಾಗಿ ಶಾಲೆ ಮಾಡುವ ಒಟ್ಟು ಖರ್ಚು), ಗ್ರಾಸ್ (ನಿಮ್ಮ ಪಾಲಿನ ಕಡಿತಕ್ಕೆ ಮುಂಚಿನ ಸಂಬಳ), ಕೈಗೆ ಬರುವುದು. ಸಿಟಿಸಿಯಲ್ಲಿ ಶಾಲೆ ತಾನು ಕಟ್ಟುವ ಪಿಎಫ್ ಪಾಲನ್ನೂ ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ) ತೆಗೆದಿಡುವ ಮೊತ್ತವನ್ನೂ ಸೇರಿಸಿರಬಹುದು. ಬೇಸಿಕ್ 15,000 ಇರುವ 25,000 ಸಿಟಿಸಿಯನ್ನು ಬಿಚ್ಚಿ ನೋಡೋಣ.

ಶಾಲೆಯ ಪಿಎಫ್ ಪಾಲು ಶೇ 12: 1,800
ಪಿಎಫ್ ಆಡಳಿತ ಶುಲ್ಕ, ವಿಮೆ ಸೇರಿ ಶೇ 1: 150
ಗ್ರಾಚ್ಯುಟಿಗೆ ಶೇ 4.81: 722
ಉಳಿದ ಗ್ರಾಸ್: 22,328
ನಿಮ್ಮ ಪಿಎಫ್ ಪಾಲು ಶೇ 12: 1,800
ಕೈಗೆ: 20,528

ಅಂದರೆ ನಾಲ್ಕೂವರೆ ಸಾವಿರ ಅಲ್ಲೇ ಕರಗಿತು. ಇದರಲ್ಲಿ ಮೋಸವೇನೂ ಇಲ್ಲ, ಪಿಎಫ್ ಹಣ ನಿಮ್ಮದೇ. ಆದರೆ ಒಂದು ಶಾಲೆ ಸಿಟಿಸಿ ಹೇಳಿ ಇನ್ನೊಂದು ಶಾಲೆ ಕೈಗೆ ಬರುವುದನ್ನು ಹೇಳಿದರೆ, 22,000 ಹೇಳಿದ ಶಾಲೆಯೇ 25,000 ಹೇಳಿದ ಶಾಲೆಗಿಂತ ಹೆಚ್ಚು ಕೊಡುತ್ತಿರಬಹುದು. ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದ ಮೇಲಷ್ಟೇ: ತಿಂಗಳಿಗೆ 200, ಫೆಬ್ರುವರಿಯಲ್ಲಿ 300. ಅದಕ್ಕಿಂತ ಕಡಿಮೆ ಗ್ರಾಸ್ ಇದ್ದೂ ಈ ಕಡಿತ ಕಂಡರೆ ಪ್ರಶ್ನಿಸಿ. ಶಾಲೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ವ್ಯಾಪ್ತಿಯಲ್ಲಿದ್ದು ನಿಮ್ಮ ಸಂಬಳ 21,000ದೊಳಗಿದ್ದರೆ ನಿಮ್ಮಿಂದ ಶೇ 0.75, ಶಾಲೆಯಿಂದ ಶೇ 3.25 ಕಟ್ಟಬೇಕು.

ಈಗ ಎಲ್ಲರೂ ಮರೆಯುವ ಪ್ರಶ್ನೆ: ವರ್ಷಕ್ಕೆ ಎಷ್ಟು ತಿಂಗಳ ಸಂಬಳ? ಏಪ್ರಿಲ್–ಮೇ ಸಂಬಳ ಇಲ್ಲದ ಶಾಲೆಗಳಿವೆ. ಮೇಲಿನ 20,528ನ್ನು ಹತ್ತೇ ತಿಂಗಳು ಕೊಟ್ಟರೆ ವರ್ಷಕ್ಕೆ 2,05,280, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 17,107. ಯಾವ ಎರಡು ಶಾಲೆಗಳನ್ನೂ ವರ್ಷದ ಮೊತ್ತದಲ್ಲೇ ಹೋಲಿಸಿ, ತಿಂಗಳ ಮೊತ್ತದಲ್ಲಿ ಬೇಡ. ರಜೆ ಸಂಬಳ ಕೊಡುತ್ತೇವೆ ಎಂದರೂ "ಜೂನ್‌ನಲ್ಲಿ ವಾಪಸ್ ಬಂದವರಿಗೆ ಮಾತ್ರ" ಎಂಬ ಷರತ್ತು ಇರುತ್ತದೆ. ಅದನ್ನು ಬಾಯಿಬಿಟ್ಟು ಕೇಳಿ.

ಬೇಸಿಕ್ ಎಷ್ಟು ಎಂಬುದರಲ್ಲೂ ಆಟ ಇದೆ. 20,000 ಗ್ರಾಸ್‌ನಲ್ಲಿ ಬೇಸಿಕ್ 6,000, ಉಳಿದ 14,000 "ವಿಶೇಷ ಭತ್ಯೆ" ಎಂದು ತೋರಿಸಿದರೆ ಪಿಎಫ್ 720ಕ್ಕೆ ಇಳಿಯುತ್ತದೆ. ಇದರ ಬಗ್ಗೆ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರಂದು ತೀರ್ಪು ಕೊಟ್ಟಿದೆ. ಆ ಪ್ರಕರಣದ ಹೆಸರಿನಲ್ಲಿರುವುದೂ ಒಂದು ವಿದ್ಯಾಮಂದಿರವೇ. ಎಲ್ಲ ನೌಕರರಿಗೂ ಮಾಮೂಲಿಯಾಗಿ ಕೊಡುವ ಭತ್ಯೆ ಪಿಎಫ್ ಲೆಕ್ಕಕ್ಕೆ ಬೇಸಿಕ್‌ನ ಭಾಗವೇ ಎಂದು ಅದು ಹೇಳಿತು. ಮನೆ ಬಾಡಿಗೆ ಭತ್ಯೆ ಇದರಲ್ಲಿ ಸೇರುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನು ವೇತನ ಎಂದೇ ಲೆಕ್ಕ ಹಿಡಿಯಬೇಕು. ಗ್ರಾಚ್ಯುಟಿಯೂ ಇದೇ ಮೊತ್ತದ ಮೇಲೆ ನಿಲ್ಲುವುದರಿಂದ ಬೇಸಿಕ್ ಚಿಕ್ಕದಾದರೆ ಎರಡು ಕಡೆ ನಷ್ಟ.

ನೇಮಕಾತಿ ಪತ್ರದಲ್ಲಿ ಏನಿರಬೇಕು

ಹುದ್ದೆಯ ಹೆಸರು, ಬೋಧಿಸುವ ತರಗತಿ ಮತ್ತು ವಿಷಯ, ಸೇರುವ ದಿನಾಂಕ, ಪ್ರೊಬೇಷನ್ ಎಷ್ಟು ತಿಂಗಳು ಮತ್ತು ಅದು ಮುಗಿದ ಮೇಲೆ ಖಾಯಂ ಪತ್ರ ಕೊಡುತ್ತಾರೆಯೇ, ಬೇಸಿಕ್ ಮತ್ತು ಭತ್ಯೆಗಳ ಬಿಡಿ ಅಂಕಿ, ರಜೆ ತಿಂಗಳ ಸಂಬಳ, ಸಿಎಲ್ ಎಷ್ಟು, ಹೆರಿಗೆ ರಜೆ, ನೋಟಿಸ್ ಅವಧಿ. ನೋಟಿಸ್ ಎರಡೂ ಕಡೆಗೆ ಸಮನಾಗಿರಲಿ. "ಶಿಕ್ಷಕರು ಮೂರು ತಿಂಗಳು ಮುಂಚೆ ತಿಳಿಸಬೇಕು, ಆಡಳಿತ ಮಂಡಳಿ ಯಾವಾಗ ಬೇಕಾದರೂ ತೆಗೆಯಬಹುದು" ಎಂಬ ಸಾಲು ಕಂಡರೆ ಸಹಿಗೆ ಮುನ್ನವೇ ತಿದ್ದಿಸಿ. ಪತ್ರದಲ್ಲಿ ಶಾಲೆಯ ಸೀಲು, ಕಾರ್ಯದರ್ಶಿ ಅಥವಾ ಮುಖ್ಯ ಶಿಕ್ಷಕರ ಸಹಿ, ದಿನಾಂಕ ಇರಲಿ, ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಪತ್ರ ಕೊಡಲು ಮೀನಮೇಷ ಎಣಿಸಿದರೆ ಜಗಳ ಬೇಡ. ಅದೇ ದಿನ ಸಂಜೆ ಶಾಲೆಯ ಇಮೇಲ್‌ಗೆ, ಇಮೇಲ್ ಇಲ್ಲದಿದ್ದರೆ ಮಾತಾಡಿದವರ ವಾಟ್ಸಾಪ್‌ಗೆ, ಇಷ್ಟು ಬರೆಯಿರಿ:

"ಮಾನ್ಯರೇ, ಇಂದಿನ ಮಾತುಕತೆಯಂತೆ 6ರಿಂದ 8ನೇ ತರಗತಿಗೆ ಗಣಿತ ಶಿಕ್ಷಕಿಯಾಗಿ ಜೂನ್ 1ರಿಂದ ಸೇರಲು ಒಪ್ಪಿದ್ದೇನೆ. ತಿಂಗಳಿಗೆ ಗ್ರಾಸ್ ಸಂಬಳ 22,000, ಅದರಲ್ಲಿ ಬೇಸಿಕ್ 15,000, ವರ್ಷಕ್ಕೆ 12 ತಿಂಗಳ ಸಂಬಳ, ಪಿಎಫ್ ಸೌಲಭ್ಯ, ವಾರಕ್ಕೆ 32 ಪೀರಿಯಡ್ ಎಂದು ತಿಳಿಸಿದ್ದೀರಿ. ಇದರಲ್ಲಿ ವ್ಯತ್ಯಾಸ ಇದ್ದರೆ ದಯವಿಟ್ಟು ತಿಳಿಸಿ. ನೇಮಕಾತಿ ಪತ್ರಕ್ಕಾಗಿ ಎದುರು ನೋಡುತ್ತಿರುತ್ತೇನೆ."

ಅವರು ಬರೀ "ಸರಿ" ಎಂದು ಉತ್ತರಿಸಿದರೂ ನಿಮ್ಮ ಕೈಯಲ್ಲಿ ದಾಖಲೆ ಇದ್ದಂತೆ.

ಮೂಲ ಅಂಕಪಟ್ಟಿಗಳನ್ನು ಬಿಟ್ಟುಬರಬೇಡಿ. ಪರಿಶೀಲನೆಗೆ ತೋರಿಸಿ, ಸ್ವಯಂ ದೃಢೀಕರಿಸಿದ ಜೆರಾಕ್ಸ್ ಕೊಟ್ಟು, ಮೂಲವನ್ನು ಅಲ್ಲೇ ಚೀಲಕ್ಕೆ ಹಾಕಿಕೊಳ್ಳಿ. ವರ್ಷದ ಮಧ್ಯೆ ಬಿಟ್ಟುಹೋಗದಿರಲಿ ಎಂದು ಬಿ.ಎಡ್ ಸರ್ಟಿಫಿಕೇಟ್ ಬೀರುವಿನಲ್ಲಿಟ್ಟುಕೊಳ್ಳುವ ಪದ್ಧತಿ ಇನ್ನೂ ಹೋಗಿಲ್ಲ. ಆಮೇಲೆ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಆ ಬೀರುವಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಕೊಡದೆ ಗತಿಯಿಲ್ಲ ಎನ್ನುವ ಪರಿಸ್ಥಿತಿಯಾದರೆ ಪ್ರತಿ ದಾಖಲೆಯ ಹೆಸರು, ನೋಂದಣಿ ಸಂಖ್ಯೆ, ವರ್ಷ ಬರೆದು "ಸ್ವೀಕರಿಸಿದ್ದೇವೆ" ಎಂದು ಸೀಲು ಹಾಕಿಸಿಕೊಳ್ಳಿ. ಸಹಿ ಮಾಡಿದ ಖಾಲಿ ಚೆಕ್ಕನ್ನಂತೂ ಯಾವ ಕಾರಣಕ್ಕೂ ಕೊಡಬೇಡಿ.

ಬಾಂಡ್ ಬಗ್ಗೆ: "ಎರಡು ವರ್ಷದೊಳಗೆ ಬಿಟ್ಟರೆ ಒಂದು ಲಕ್ಷ ಕೊಡಬೇಕು" ಎಂದು ಬರೆಸಿಕೊಂಡ ಮಾತ್ರಕ್ಕೆ ಪೂರ್ತಿ ಒಂದು ಲಕ್ಷ ವಸೂಲಿ ಆಗುವುದಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲ್ಮಿತಿ ಮಾತ್ರ. ನ್ಯಾಯಾಲಯ ಕೊಡಿಸುವುದು ನ್ಯಾಯಯುತ ಪರಿಹಾರ. ಹಾಗೆಂದು ಬಾಂಡ್‌ಗೆ ಬೆಲೆಯೇ ಇಲ್ಲ ಎಂದೂ ತಿಳಿಯಬೇಡಿ. ಸಾಧ್ಯವಾದರೆ ಮೊತ್ತವನ್ನು ಒಂದು ತಿಂಗಳ ಸಂಬಳಕ್ಕೆ ಇಳಿಸಿ, ಶೈಕ್ಷಣಿಕ ವರ್ಷ ಮುಗಿದ ಮೇಲೆ ಬಿಟ್ಟರೆ ಅನ್ವಯಿಸದು ಎಂದು ಸೇರಿಸಿ.

11 ತಿಂಗಳ ಕರಾರು ಕೊಟ್ಟರೆ ಏಕೆ 11 ಎಂದು ಕೇಳಿ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿ ಹಕ್ಕು ಬರುತ್ತದೆ. ಒಂದು ತಿಂಗಳು ಕಡಿಮೆ ಮಾಡಿದ ಕರಾರು ಎಲ್ಲಿಗೆ ಗುರಿ ಇಟ್ಟಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ.

ನಿಮ್ಮನ್ನು ನೌಕರರು ಎನ್ನದೆ ಸಲಹೆಗಾರರು ಎಂದು ತೋರಿಸುವ ಇನ್ನೊಂದು ದಾರಿಯೂ ಇದೆ. ಸಂಬಳದಲ್ಲಿ "ವೃತ್ತಿಪರ ಶುಲ್ಕ" ಎಂದು ನೇರ ಶೇ 10 ಟಿಡಿಎಸ್ ಕಡಿತವಾಗಿ, ಪಿಎಫ್ ಇಲ್ಲದಿದ್ದರೆ ಕಾಗದದ ಮೇಲೆ ನೀವು ಆ ಶಾಲೆಯ ಶಿಕ್ಷಕರೇ ಅಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಟಿಡಿಎಸ್ ಯಾವ ಶೀರ್ಷಿಕೆಯಲ್ಲಿದೆ ಎಂದು ನೋಡಿದರೆ ತಿಳಿಯುತ್ತದೆ.

ಪಿಎಫ್ ಪಾಸ್‌ಬುಕ್ ತೆರೆದು ನೋಡುವುದು

ಪಿಎಫ್ ಕಾನೂನು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಶಾಲೆಗಳು 1982ರಿಂದಲೇ ಅದರ ವ್ಯಾಪ್ತಿಯಲ್ಲಿವೆ. ಎಣಿಕೆಗೆ ಶಿಕ್ಷಕರಷ್ಟೇ ಅಲ್ಲ, ಆಯಾಗಳು, ಡ್ರೈವರ್‌ಗಳು, ಆಫೀಸ್ ಸಿಬ್ಬಂದಿ ಎಲ್ಲರೂ ಸೇರುತ್ತಾರೆ. "ನಮ್ಮಲ್ಲಿ 14 ಜನ ಟೀಚರ್ಸ್ ಅಷ್ಟೇ" ಎಂಬ ಉತ್ತರ ಬಂದರೆ ಉಳಿದವರನ್ನೂ ಎಣಿಸಿ ನೋಡಿ.

ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಜೀವನಕ್ಕೆಲ್ಲ ಒಂದೇ. ಹಿಂದಿನ ಶಾಲೆಯಲ್ಲಿ ಇದ್ದರೆ ಕೆಲಸಕ್ಕೆ ಸೇರುವಾಗ ತುಂಬುವ ಪಿಎಫ್ ಫಾರ್ಮ್ 11ರಲ್ಲಿ ಅದನ್ನೇ ಬರೆದುಕೊಡಿ. ಎರಡನೆಯದು ಹುಟ್ಟಿದರೆ ಮುಂದೆ ಹಣ ಒಂದುಗೂಡಿಸಲು ತಿಂಗಳುಗಟ್ಟಲೆ ಓಡಾಡಬೇಕು. ಮೊದಲ ಕೆಲಸದಲ್ಲೇ ಬೇಸಿಕ್ 15,000 ದಾಟಿದ್ದರೆ ಮಾತ್ರ ಶಾಲೆ ನಿಮ್ಮನ್ನು ಪಿಎಫ್‌ನಿಂದ ಕಾನೂನುಬದ್ಧವಾಗಿ ಹೊರಗಿಡಬಹುದು. ಈಗಾಗಲೇ ಸದಸ್ಯರಾಗಿದ್ದವರಿಗೆ ಆ ಮಾತು ಹೊಂದುವುದಿಲ್ಲ.

ಶಾಲೆ ಪ್ರತಿ ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಇಪಿಎಫ್‌ಒ (ಪಿಎಫ್ ಸಂಸ್ಥೆ) ವಿಭಾಗಕ್ಕೆ ಹೋಗಿ ಪಾಸ್‌ಬುಕ್ ತೆರೆಯಿರಿ. ಬೇಸಿಕ್ 15,000 ಇದ್ದರೆ ಒಂದು ತಿಂಗಳ ಸಾಲಿನಲ್ಲಿ ಮೂರು ಅಂಕಿ ಕಾಣಬೇಕು: ನೌಕರರ ಪಾಲು 1,800, ಮಾಲೀಕರ ಪಾಲು 550, ಪಿಂಚಣಿ 1,250. ಮಾಲೀಕರ ಪಾಲು 550 ಎಂದು ನೋಡಿ ಹಲವರು ಗಾಬರಿಯಾಗುತ್ತಾರೆ. ಶಾಲೆ ಕಟ್ಟಿದ 1,800ರಲ್ಲಿ ಬೇಸಿಕ್‌ನ ಶೇ 8.33, ಅಂದರೆ 1,250, ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದದ್ದು ಇದು, ಲೆಕ್ಕ ಸರಿಯಾಗಿದೆ. ಗಾಬರಿಯಾಗಬೇಕಾದ್ದು ಪೇ ಸ್ಲಿಪ್‌ನಲ್ಲಿ 1,800 ಕಡಿತವಾಗಿ ಪಾಸ್‌ಬುಕ್‌ನಲ್ಲಿ ಆ ತಿಂಗಳ ಸಾಲೇ ಇಲ್ಲದಾಗ, ಅಥವಾ ಪೇ ಸ್ಲಿಪ್‌ನಲ್ಲಿ 3,600 ಕಡಿತವಾದಾಗ. ಎರಡನೆಯದರಲ್ಲಿ ಶಾಲೆ ತನ್ನ ಪಾಲನ್ನೂ ನಿಮ್ಮ ಗ್ರಾಸ್‌ನಿಂದಲೇ ಕೀಳುತ್ತಿದೆ.

ಒಂದು ತಿಂಗಳು ತಪ್ಪಿದರೆ ಆಫೀಸಿನಲ್ಲಿ ಕೇಳಿ, ಎರಡನೆಯ ತಿಂಗಳೂ ತಪ್ಪಿದರೆ ಇಪಿಎಫ್‌ಒದ ದೂರು ಪೋರ್ಟಲ್ ಇಪಿಎಫ್‌ಐಜಿಎಂಎಸ್‌ನಲ್ಲಿ ದೂರು ಹಾಕಿ. ಪೇ ಸ್ಲಿಪ್ ಮತ್ತು ಪಾಸ್‌ಬುಕ್ ಪುಟ ಲಗತ್ತಿಸಿದರೆ ದೂರು ಗಟ್ಟಿಯಾಗುತ್ತದೆ. ಪೇ ಸ್ಲಿಪ್ ಕೊಡದ ಶಾಲೆಯಾದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ಇಪಿಎಫ್‌ಒದ "ನಿಧಿ ಆಪ್ಕೆ ನಿಕಟ್" ಶಿಬಿರಕ್ಕೂ ಇದೇ ಕಾಗದ ಹಿಡಿದು ಹೋಗಬಹುದು.

ಕೆಲಸ ಬದಲಿಸಿದಾಗ ಪಿಎಫ್ ಹಣ ತೆಗೆಯುವ ಬದಲು ಹೊಸ ಶಾಲೆಗೆ ವರ್ಗಾಯಿಸಿ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಪ್ರತಿ ಬಾರಿ ಪಿಂಚಣಿ ಹಣವನ್ನೂ ತೆಗೆದವರ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಖಾಸಗಿ ಶಾಲೆಗಳಲ್ಲಿ ಇಪ್ಪತ್ತು ವರ್ಷ ದುಡಿದೂ ಪಿಂಚಣಿ ಇಲ್ಲದವರಲ್ಲಿ ಅನೇಕರಿಗೆ ಆಗಿರುವುದು ಇದೇ.

ಬ್ಯಾಂಕಿಗೆ ಹಾಕಿ ಕೈಯಲ್ಲಿ ವಾಪಸ್ ಕೇಳಿದರೆ

ಖಾತೆಗೆ 28,000 ಬರುತ್ತದೆ, ಐದನೇ ತಾರೀಕಿನೊಳಗೆ 12,000 ನಗದು ಆಫೀಸಿಗೆ ಕೊಡಬೇಕು. ಮಾನ್ಯತೆ ತಪಾಸಣೆಗೆ ದಾಖಲೆ ಚೆನ್ನಾಗಿ ಕಾಣಲಿ ಎಂದು ಮಾಡುವ ಈ ಕೆಲಸಕ್ಕೆ ಬಲಿಯಾಗುವವರು ಶಿಕ್ಷಕರು, ತೆರಿಗೆ ದಾಖಲೆಯಲ್ಲಿ ಆದಾಯ ಕಾಣುವುದೂ ಅವರ ಹೆಸರಿನಲ್ಲೇ. ನಗದು ಕೊಡಬೇಡಿ. "ಖಾತೆಯಿಂದಲೇ ವರ್ಗಾಯಿಸುತ್ತೇನೆ, ಖಾತೆ ಸಂಖ್ಯೆ ಕೊಡಿ" ಎಂದು ಹೇಳಿ ನೋಡಿ. ಕೊಟ್ಟರೆ ದಾಖಲೆ ಉಳಿಯುತ್ತದೆ, ಕೊಡದಿದ್ದರೆ ಅವರಿಗೂ ಅದು ತಪ್ಪೆಂದು ಗೊತ್ತಿದೆ ಎಂದರ್ಥ. ಒಬ್ಬರೇ ನಿರಾಕರಿಸಿದರೆ ಕೆಲಸ ಹೋಗಬಹುದು. ಇದನ್ನು ಆರೇಳು ಜನ ಸೇರಿಯೇ ಮಾಡಬೇಕು. ಈಗಾಗಲೇ ಕೊಟ್ಟಿದ್ದರೆ ಕೊಟ್ಟ ದಿನಾಂಕ, ಮೊತ್ತ, ತೆಗೆದುಕೊಂಡವರ ಹುದ್ದೆ ಬರೆದಿಡಿ, ಎಟಿಎಂನಿಂದ ಹಣ ತೆಗೆದ ದಾಖಲೆ ಇಟ್ಟುಕೊಳ್ಳಿ.

ಸ್ಟಾಫ್ ರೂಮಿನಲ್ಲಿ ಸಂಬಳದ ಮಾತು

"ನಿಮ್ಮ ಸಂಬಳ ಯಾರಿಗೂ ಹೇಳಬೇಡಿ, ನಿಮಗೆ ಮಾತ್ರ ಹೆಚ್ಚು ಕೊಟ್ಟಿದ್ದೀವಿ." ಈ ಮಾತನ್ನು ಸ್ಟಾಫ್ ರೂಮಿನ ಎಲ್ಲರಿಗೂ ಹೇಳಿರುತ್ತಾರೆ. ಹೇಳದೇ ಇರುವುದರಿಂದ ಲಾಭ ಒಬ್ಬರಿಗೇ, ಅದು ನೀವಲ್ಲ. ಒಂದೇ ವಿಷಯ, ಒಂದೇ ಅನುಭವ ಇರುವ ಇಬ್ಬರ ನಡುವೆ ಐದು ಸಾವಿರದ ಅಂತರ ಇರುವುದು ಮಾತಾಡಿದರಷ್ಟೇ ಹೊರಬರುತ್ತದೆ. ಮಾತಾಡುವಾಗ ಒಟ್ಟು ಅಂಕಿ ಸಾಲದು. ಬೇಸಿಕ್, ತಿಂಗಳ ಸಂಖ್ಯೆ, ಪೀರಿಯಡ್ ಸಂಖ್ಯೆ ಮೂರನ್ನೂ ಹೋಲಿಸಿ. ಶಾಲೆಯ ಅಧಿಕೃತ ವಾಟ್ಸಾಪ್ ಗುಂಪಿನಲ್ಲಿ ಬೇಡ.

ಹೆಚ್ಚಳ ಕೇಳುವ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರುವರಿ. ಮುಂದಿನ ವರ್ಷದ ಫೀಸು ಮತ್ತು ಖರ್ಚು ನಿಗದಿಯಾಗುವುದು ಆಗ. ಏಪ್ರಿಲ್‌ನಲ್ಲಿ ಕೇಳಿದರೆ "ಬಜೆಟ್ ಆಗೋಯ್ತು" ಎನ್ನುತ್ತಾರೆ, ಅದು ಬಹುಮಟ್ಟಿಗೆ ನಿಜವೂ ಹೌದು. ಒಂದು ಪುಟದಲ್ಲಿ ಬರೆದುಕೊಡಿ: ಸೇರಿದಾಗ ಎಷ್ಟು ಪೀರಿಯಡ್ ಇತ್ತು, ಈಗೆಷ್ಟು, ನಂತರ ಸೇರಿಸಿದ ಜವಾಬ್ದಾರಿಗಳು, ನಿಮ್ಮ ವಿಷಯದ ಫಲಿತಾಂಶ, ಕೇಳುವ ಮೊತ್ತ. "ಮನೆ ಕಷ್ಟ" ಎಂದು ಬರೆಯಬೇಡಿ. ಕಷ್ಟ ನಿಜವೇ ಇರಬಹುದು, ಆದರೆ ಕಷ್ಟ ಹೇಳಿ ಕೇಳಿದ್ದು ದಯೆಯಾಗುತ್ತದೆ, ಕೆಲಸ ತೋರಿಸಿ ಕೇಳಿದ್ದು ಬಾಕಿಯಾಗುತ್ತದೆ. ಸಂಬಳ ಹೆಚ್ಚಿಸಲು ಆಗುವುದೇ ಇಲ್ಲ ಎಂದರೆ ಬೇರೆ ರೂಪದಲ್ಲಿ ಕೇಳಿ: ನಾಲ್ಕು ಪೀರಿಯಡ್ ಕಡಿತ, ಬಸ್ ಡ್ಯೂಟಿಯಿಂದ ಬಿಡುಗಡೆ, ಮಗುವಿನ ಫೀಸು ರಿಯಾಯಿತಿ, ರಜೆ ತಿಂಗಳ ಸಂಬಳ.

ಬಿಡುವಾಗ

ರಾಜೀನಾಮೆಯನ್ನು ಬರೆದು ಕೊಡಿ, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಸೀಲು ಮತ್ತು ದಿನಾಂಕ ಹಾಕಿಸಿ. ಹಾಕದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಕೊನೆಯ ಕೆಲಸದ ದಿನವನ್ನು ದಿನಾಂಕ ಸಮೇತ ಬರೆಯಿರಿ. "ನೋಟಿಸ್ ಅವಧಿ ಮುಗಿದ ಮೇಲೆ" ಎಂದಷ್ಟೇ ಬರೆದರೆ ದಿನಾಂಕ ಅವರು ತುಂಬುತ್ತಾರೆ. ಅಂಕಪಟ್ಟಿ, ಲೈಬ್ರರಿ ಪುಸ್ತಕ, ಲ್ಯಾಬ್ ಬೀಗದ ಕೈ ಒಪ್ಪಿಸಿದ್ದಕ್ಕೆ ಪಟ್ಟಿ ಮಾಡಿ ಸಹಿ ಪಡೆಯಿರಿ; ಕೊನೆಯ ಸಂಬಳ ತಡೆಯಲು ಸಿಗುವ ನೆಪ ಇದೇ. ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ, ರಾಜೀನಾಮೆ ಕೊಟ್ಟವರ ಬಾಕಿ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು.

ಅನುಭವ ಪ್ರಮಾಣಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ತರಗತಿ, ವಿಷಯ, ಪೂರ್ಣಾವಧಿ ಎಂಬ ಪದ ಇರಲಿ. ಬಿಇಒ ಕಚೇರಿಯ ಮೇಲುಸಹಿ ಎಲ್ಲಾದರೂ ಬೇಕಾಗಬಹುದು ಅನಿಸಿದರೆ ಶಾಲೆಯಲ್ಲಿ ಇರುವಾಗಲೇ ಮಾಡಿಸಿಕೊಳ್ಳಿ.

ಗ್ರಾಚ್ಯುಟಿ ಶಿಕ್ಷಕರಿಗಿಲ್ಲ ಎಂಬ ಮಾತು ಹಳೆಯದು. 2009ರ ತಿದ್ದುಪಡಿ ಶಿಕ್ಷಕರನ್ನು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಸೇರಿಸಿತು, ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು. ಹತ್ತು ನೌಕರರಿರುವ ಶಾಲೆ, ಐದು ವರ್ಷದ ನಿರಂತರ ಸೇವೆ ಸಾಕು. ಲೆಕ್ಕ ಇಷ್ಟೇ: ಕೊನೆಯ ವೇತನ × 15 ÷ 26 × ವರ್ಷ. ಆರು ತಿಂಗಳು ದಾಟಿದ ಭಾಗ ಒಂದು ವರ್ಷವಾಗುತ್ತದೆ. ಕೊನೆಯ ಬೇಸಿಕ್ 18,000, ಸೇವೆ 7 ವರ್ಷ 8 ತಿಂಗಳು ಆಗಿದ್ದರೆ 8 ವರ್ಷಕ್ಕೆ 83,077 ರೂಪಾಯಿ. ಲಿಖಿತ ಅರ್ಜಿ ಕೊಡಿ. 30 ದಿನದಲ್ಲಿ ಕೊಡದಿದ್ದರೆ ಕಾರ್ಮಿಕ ಇಲಾಖೆಯ ಸಹಾಯಕ ಆಯುಕ್ತರ ಕಚೇರಿಗೆ ಹೋಗಿ.

ಇದನ್ನು ತಪ್ಪಿಸಲು ಕೆಲವೆಡೆ ಪ್ರತಿ ಏಪ್ರಿಲ್‌ನಲ್ಲಿ ರಾಜೀನಾಮೆ ಬರೆಸಿಕೊಂಡು ಜೂನ್‌ನಲ್ಲಿ ಹೊಸ ನೇಮಕಾತಿ ಪತ್ರ ಕೊಡುತ್ತಾರೆ. ಅಂಥ ರಾಜೀನಾಮೆಗೆ ಸಹಿ ಹಾಕದಿರುವುದೇ ಒಳ್ಳೆಯದು. ಹಾಕಲೇಬೇಕಾಗಿ ಬಂದರೆ ಏಪ್ರಿಲ್–ಮೇನಲ್ಲಿ ಮಾಡಿದ ಕೆಲಸದ ಕುರುಹು ಇಟ್ಟುಕೊಳ್ಳಿ: ಮೌಲ್ಯಮಾಪನ, ಫಲಿತಾಂಶ, ಅಡ್ಮಿಷನ್ ಡ್ಯೂಟಿ, ಅದಕ್ಕೆ ಕರೆದ ವಾಟ್ಸಾಪ್ ಸಂದೇಶ. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಾಗಿದೆಯೇ ಎಂದೂ ನೋಡಿ. ಎಷ್ಟೋ ಬಾರಿ ಶಾಲೆ ಅಲ್ಲಿ ಏನೂ ಬದಲಿಸಿರುವುದಿಲ್ಲ, ಆಗ ನಿರಂತರ ಸೇವೆಗೆ ಆ ಪಾಸ್‌ಬುಕ್ಕೇ ಸಾಕ್ಷಿ.

ನೀವಾಗಿ ಬಿಡದೆ ಅವರೇ ತೆಗೆದರೆ ದಿನ ಎಣಿಸಲು ಶುರು ಮಾಡಿ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ವ್ಯಾಪ್ತಿಯ ಶಾಲೆಯಾದರೆ 92ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಆದೇಶ ಕೈಸೇರಿದ ಮೂರು ತಿಂಗಳೊಳಗೆ 94ನೇ ಸೆಕ್ಷನ್ ಅಡಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. "ಮಾತಾಡಿ ಸರಿ ಮಾಡೋಣ, ಮುಂದಿನ ತಿಂಗಳು ಬನ್ನಿ" ಎಂದು ಅಲೆದಾಡಿಸುವುದರಲ್ಲೇ ಈ ಮೂರು ತಿಂಗಳು ಕಳೆದುಹೋಗುತ್ತದೆ. ಬಾಯಿಮಾತಿನಲ್ಲಿ "ನಾಳೆಯಿಂದ ಬರಬೇಡಿ" ಎಂದರೆ ಮರುದಿನವೂ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಿ. ಗೇಟಿನಲ್ಲಿ ತಡೆದರೆ ಅಲ್ಲಿಂದಲೇ ಶಾಲೆಗೆ ಇಮೇಲ್ ಕಳಿಸಿ: ಇಂದು ಇಷ್ಟು ಗಂಟೆಗೆ ಕರ್ತವ್ಯಕ್ಕೆ ಬಂದಿದ್ದೇನೆ, ಒಳಗೆ ಬಿಟ್ಟಿಲ್ಲ, ಲಿಖಿತ ಆದೇಶ ಕೊಡಿ. ಹೀಗೆ ಮಾಡದಿದ್ದರೆ "ಅವರಾಗಿಯೇ ಬರುವುದು ನಿಲ್ಲಿಸಿದರು" ಎಂದು ಹಾಜರಿ ಪುಸ್ತಕದಲ್ಲಿ ಗೈರು ಬರೆಯುತ್ತಾರೆ, ಆಮೇಲೆ ವಜಾ ಆಗಿತ್ತೆಂದು ರುಜುವಾತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.